ಜಪಾನಿನ ಹತ್ತರಿ ಪಳಗಿಸುವುದು ಹೇಗೆ? ಪೆಟ್ಟಿಗೆ ಬಿಚ್ಚಿದ ದಿನದಿಂದ ಮೊದಲ ಸಿಪ್ಪೆಯವರೆಗೆ

ನಮ್ಮ ಆಚಾರ್ರು ಹತ್ತರಿಯನ್ನು ಮುಂದಕ್ಕೆ ತಳ್ಳುತ್ತಾರೆ. ಜಪಾನಿನ ಬಡಗಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಅವರ ಹತ್ತರಿಗೆ ‘ಕನ್ನ’ ಅಂತ ಹೆಸರು. ನಮ್ಮಲ್ಲಿ ಕಳ್ಳರು ಗೋಡೆಗೆ ಹಾಕುವ ಕನ್ನಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಹೆಸರು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ನೋಡಲು ತೀರಾ ಸರಳ. ಬಿಳಿ ಓಕ್ ಮರದ ಒಂದು ತುಂಡು, ಅದರ ಗಾಡಿಯಲ್ಲಿ, ಅಂದರೆ ಕೊರೆದ ಸಂದಿನಲ್ಲಿ, ಓರೆಯಾಗಿ ಕೂತ ದಪ್ಪ ಅಲಗು, ಅಲಗಿನ ಮೇಲೊಂದು ಚಿಕ್ಕ ತಗಡು. ಸ್ಕ್ರೂ ಇಲ್ಲ, ಹಿಡಿ ಇಲ್ಲ. ಆದರೆ ಅಂಗಡಿಯಿಂದ ತಂದು ಹಲಗೆಯ ಮೇಲಿಟ್ಟು ಎಳೆದರೆ ಏನೂ ಆಗುವುದಿಲ್ಲ. ಹಲಗೆ ಕಿತ್ತುಬರುತ್ತದೆ, ಇಲ್ಲಾಂದ್ರೆ ಕನ್ನ ಸುಮ್ನೆ ಜಾರಿಕೊಂಡು ಹೋಗುತ್ತದೆ. ಕಮ್ಮಾರ ಅಲಗು ಕೊಟ್ಟಿರುತ್ತಾನೆ, ಮರದ ಮೈ ಮಾಡುವವನು ಮೈ ಕೊಟ್ಟಿರುತ್ತಾನೆ, ಉಳಿದ ಅರ್ಧ ಕೆಲಸ ನಿಮ್ಮದು. ಮರದ ಮೈಗೆ ಜಪಾನಿನಲ್ಲಿ ‘ದೈ’ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಇದು ಗೊತ್ತಿಲ್ಲದೆ ನಾನು ಮೊದಲ ಕನ್ನವನ್ನು ಒಂದೇ ದಿನದಲ್ಲಿ ಹಾಳು ಮಾಡಿದೆ. ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ ಕೂಡುತ್ತದೆ. ಅಲ್ಲಿ ಒಂದು ಹಳೆಯ ಕನ್ನ ಕೊಂಡೆ. ಅಲಗು ಬಿಗಿಯಾಗಿತ್ತು. ಹೊಸ ಅಗಸ ಎತ್ತಿ ಎತ್ತಿ ಒಗೆದ ಹಾಗೆ ನಾನು ಸುತ್ತಿಗೆಯಲ್ಲಿ ಹೊಡೆದೆ. ‘ಟಕ್’ ಅಂತ ಒಂದು ಸದ್ದು. ದೈ ಗಾಡಿಯ ಉದ್ದಕ್ಕೂ ಬಿರಿದಿತ್ತು. ಮಾರಿದವನ ತಪ್ಪೇನೂ ಇರಲಿಲ್ಲ. ಕೆಳಗಿನ ಹಂತಗಳಲ್ಲಿ ಜಾಸ್ತಿ ಹೊತ್ತು ಅಲಗು ಕೂರಿಸುವುದರ ಬಗ್ಗೆಯೇ ಮಾತಾಡುವುದಕ್ಕೆ ಅದೇ ಕಾರಣ.

ಏನೇನು ಬೇಕು

70 ಮಿ.ಮೀ. ಅಗಲದ ಅಲಗಿನ ಕನ್ನ ತೆಗೆದುಕೊಳ್ಳಿ. ಬಡಗಿಗಳು ಹೆಚ್ಚಾಗಿ ಬಳಸುವ ಅಳತೆ ಅದು. ಹ್ಯೋಗೋ ಪ್ರಾಂತ್ಯದ ಮಿಕಿ, ನೀಗಾತಾ ಪ್ರಾಂತ್ಯದ ಸಾಂಜೋ ಊರುಗಳು ಇಂಥ ಉಪಕರಣಗಳಿಗೆ ಹೆಸರುವಾಸಿ. ಅಲಗು ಎರಡು ಪದರದ್ದು. ಮೇಲೆ ಮೆತ್ತನೆಯ ಕಬ್ಬಿಣ, ಅದಕ್ಕೆ ಬೆಸೆದ ತೆಳ್ಳನೆಯ ಗಟ್ಟಿ ಉಕ್ಕು. ಉಕ್ಕಿನಲ್ಲಿ ‘ಬಿಳಿ ಕಾಗದ’, ‘ನೀಲಿ ಕಾಗದ’ ಅಂತ ಎರಡು ಬಗೆ ಸಿಗುತ್ತವೆ. ಉಕ್ಕಿಗೆ ಸುತ್ತುವ ಕಾಗದದ ಬಣ್ಣದಿಂದ ಬಂದ ಹೆಸರು, ಅಷ್ಟೇ. ನೀಲಿಯಲ್ಲಿ ಕ್ರೋಮಿಯಂ, ಟಂಗ್‌ಸ್ಟನ್ ಸೇರಿರುವುದರಿಂದ ಸವೆಯುವುದು ನಿಧಾನ. ಬಿಳಿಯದು ಸಾಣೆಗೆ ಬೇಗ ಒಗ್ಗುತ್ತದೆ. ಕಲಿಯುವವರಿಗೆ ಬಿಳಿಯದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಹಳೆಯದು ಕೊಳ್ಳುವುದಾದರೆ ಅಲಗಿನ ಚಪ್ಪಟೆ ಬದಿ ನೋಡಿ. ಬಾಯಿಯ ಹತ್ತಿರ ತುಕ್ಕಿನ ಗುಳಿಗಳಿದ್ದರೆ ಬೇಡ.

ಜೊತೆಗೆ 1000 ಮತ್ತು 6000 ನಂಬರಿನ ಸಾಣೆಕಲ್ಲುಗಳು, ಕಲ್ಲನ್ನೇ ಸಮ ಮಾಡಲು ಒಂದು ಡೈಮಂಡ್ ಪ್ಲೇಟ್, ನೇರವಾದ ಒಂದು ಉಕ್ಕಿನ ಪಟ್ಟಿ, ಮೆತ್ತನೆಯ ಪೆನ್ಸಿಲ್, ಹರಿತವಾದ ಒಂದು ಅಗಲ ಉಳಿ ಇರಲಿ. ಸುತ್ತಿಗೆ 375 ಗ್ರಾಂನದು ಸಾಕು. ಜಪಾನಿನ ಸುತ್ತಿಗೆ ‘ಗೆನ್ನೋ’ಗೆ ಎರಡು ಮುಖ. ಒಂದು ಚಪ್ಪಟೆ, ಇನ್ನೊಂದು ಸ್ವಲ್ಪ ಉಬ್ಬು. ಆ ಉಬ್ಬು ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಹಂತ 1: ಬಿಚ್ಚುವುದು, ಸುಮ್ಮನೆ ಇಡುವುದು

ದೈಯನ್ನು ಎಡಗೈಯಲ್ಲಿ ಹಿಡಿಯಿರಿ. ತೋರುಬೆರಳು ಅಲಗಿನ ಮೇಲಿರಲಿ, ಇಲ್ಲದಿದ್ದರೆ ಹಾರಿ ಕಾಲ ಮೇಲೆ ಬೀಳುತ್ತದೆ. ಎಳೆಯುವಾಗ ನಿಮ್ಮಿಂದ ದೂರ ಇರುವ ತುದಿ ಇದೆಯಲ್ಲ, ಅದರ ಮೇಲಂಚಿಗೆ ಮೆಲ್ಲಗೆ ತಟ್ಟಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಡುವಿಗೆ ಬೇಡ, ಅಲ್ಲಿ ಹೊಡೆದರೆ ಮರ ಸೀಳಬಹುದು. ಪೆಟ್ಟಿನ ದಿಕ್ಕು ಅಲಗಿನ ಓರೆಗೆ ಸಮಾನವಾಗಿರಲಿ. ನಾಲ್ಕೈದು ಏಟಿಗೆ ಮೊದಲು ಮೇಲಿನ ತಗಡು ಸಡಿಲವಾಗುತ್ತದೆ, ಆಮೇಲೆ ಅಲಗು.

ಬಿಚ್ಚಿದ ಮೇಲೆ ದೈಯನ್ನು ನೀವು ಕೆಲಸ ಮಾಡುವ ಕೋಣೆಯಲ್ಲಿ ಎರಡು ಮೂರು ವಾರ ಇಟ್ಟುಬಿಡಿ. ಬಳ್ಳಾರಿಯ ಬಿಸಿಲಿಗೂ ಮಂಗಳೂರಿನ ತೇವಕ್ಕೂ ಮರ ಒಂದೇ ರೀತಿ ಇರುವುದಿಲ್ಲ, ಅಲ್ವಾ? ಅದು ಬಾಗುವಷ್ಟು ಬಾಗಿಕೊಳ್ಳಲಿ. ಆಮೇಲೆ ತಿದ್ದೋಣ.

ಹಂತ 2: ಅಲಗು ಕೂರಿಸುವುದು

ಕನ್ನದ ಅಲಗು ಬೆಣೆಯ ಹಾಗಿದೆ. ಮೇಲೆ ದಪ್ಪ, ಬಾಯಿಯ ಕಡೆ ತೆಳು. ದೈಯ ಎರಡೂ ಪಕ್ಕದ ಗಾಡಿಗಳಲ್ಲಿ ಅದು ತಾನೇ ಬಿಗಿಯಾಗಿ ನಿಲ್ಲಬೇಕು. ಹೊಸ ದೈಯಲ್ಲಿ ಈ ಜಾಗವನ್ನು ಬೇಕೆಂದೇ ಬಿಗಿಯಾಗಿ ಬಿಟ್ಟಿರುತ್ತಾರೆ.

ಅಲಗಿನ ಬೆನ್ನಿಗೆ, ಅಂದರೆ ದೈಯ ಹಾಸಿಗೆಗೆ ಒರಗುವ ಬದಿಗೆ, ಪೆನ್ಸಿಲನ್ನು ದಟ್ಟವಾಗಿ ಉಜ್ಜಿ. ಕೈಯಲ್ಲಿ ಒಳಗೆ ತಳ್ಳಿ, ಸುತ್ತಿಗೆಯಿಂದ ಒಂದೆರಡು ಸಣ್ಣ ಏಟು ಕೊಡಿ, ಮತ್ತೆ ಬಿಚ್ಚಿ. ಹಾಸಿಗೆಯ ಮೇಲೆ ಕಪ್ಪು ಕಲೆ ಬಿದ್ದ ಕಡೆ ಮರ ಎತ್ತರವಾಗಿದೆ ಎಂದರ್ಥ. ಆ ಕಲೆಗಳನ್ನು ಮಾತ್ರ ಉಳಿಯಿಂದ ಕೆರೆಯಿರಿ. ಕತ್ತರಿಸಬೇಡಿ, ಉಳಿಯನ್ನು ನೆಟ್ಟಗೆ ಹಿಡಿದು ಕೆರೆಯಿರಿ. ಬರಬೇಕಾದ್ದು ಹಿಟ್ಟಿನಂಥ ಪುಡಿ. ಮತ್ತೆ ಪೆನ್ಸಿಲ್, ಮತ್ತೆ ತಳ್ಳು, ಮತ್ತೆ ಕೆರೆ.

ಮೊದಲ ಸಲ ಎರಡೇ ಕಲೆ ಇರುತ್ತವೆ. ಹತ್ತನೇ ಸಲಕ್ಕೆ ಏಳೆಂಟು. ಕೊನೆಗೆ ಹಾಸಿಗೆಯ ಉದ್ದಗಲಕ್ಕೂ ಬೂದು ಚುಕ್ಕೆಗಳು ಹರಡಿಕೊಂಡರೆ ಅಲಗು ಕೂತಿತು ಅಂತ. ನನ್ನ ಎರಡನೇ ಕನ್ನಕ್ಕೆ ಇಪ್ಪತ್ತಾರು ಸಲ ಬೇಕಾಯಿತು. ಗೆರೆ ಹಾಕಿ ಎಣಿಸಿದ್ದೆ.

ಇಲ್ಲಿ ಎರಡು ವಿಷಯ ನೆನಪಿರಲಿ. ಅಲಗಿನ ಅಕ್ಕಪಕ್ಕ, ಅಗಲದ ದಿಕ್ಕಿನಲ್ಲಿ, ಸ್ವಲ್ಪ ಜಾಗ ಇರಲೇಬೇಕು. ದೈ ಒಣಗಿ ಕುಗ್ಗಿದಾಗ ಉಕ್ಕು ಕುಗ್ಗುವುದಿಲ್ಲ. ಜಾಗವಿಲ್ಲದಿದ್ದರೆ ಬಿರಿಯುವುದು ಮರವೇ. ನನ್ನ ಮೊದಲ ಕನ್ನ ಸತ್ತಿದ್ದು ಹೀಗೆ. ಎರಡನೆಯದು, ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಅಲಗಿನ ಬಾಯಿ ದೈಯ ತಳಕ್ಕಿಂತ ಮೂರು ನಾಲ್ಕು ಮಿ.ಮೀ. ಮೇಲೆ ನಿಂತರೆ ಸಾಕು. ಉಳಿದ ದೂರವನ್ನು ಸುತ್ತಿಗೆ ನೋಡಿಕೊಳ್ಳುತ್ತದೆ. ಜಾಸ್ತಿ ಕೆರೆದರೆ ಅಲಗು ಸಡಿಲ. ಹಾಗಾದರೂ ಗಾಬರಿ ಬೇಡ. ತೆಳುವಾದ ಕಾಗದದ ತುಂಡನ್ನು ಹಾಸಿಗೆಗೆ ಅಂಟಿಸಿದರೆ ಮತ್ತೆ ಬಿಗಿಯಾಗುತ್ತದೆ. ಜಪಾನಿನವರೂ ಅದನ್ನೇ ಮಾಡುತ್ತಾರೆ.

ಹಂತ 3: ಸಾಣೆ

ಅಲಗಿನ ಚಪ್ಪಟೆ ಬದಿಯನ್ನು ಬೆಳಕಿಗೆ ಹಿಡಿಯಿರಿ. ನಡುವೆ ಅಂಗೈ ಗುಳಿಯಂಥ ತಗ್ಗು ಕಾಣುತ್ತದೆ. ಅದು ‘ಉರಾ’. ಗಟ್ಟಿ ಉಕ್ಕನ್ನು ಪೂರ್ತಿ ಸಮ ಮಾಡುವುದು ಕಷ್ಟ ಅಂತ ನಡುವನ್ನು ಮೊದಲೇ ಕೆತ್ತಿರುತ್ತಾರೆ. ಸಮವಾಗಿರಬೇಕಾದ್ದು ಸುತ್ತಲಿನ ಅಂಚು ಮಾತ್ರ. ಬಾಯಿಯ ಹಿಂದೆ ಇರುವ ಸಮ ಪಟ್ಟಿ ದಾರದಷ್ಟು ತೆಳುವಾಗಿರಬೇಕು. ಅದಕ್ಕೇ ಅದನ್ನು ‘ಇತೊ ಉರಾ’ ಅನ್ನುತ್ತಾರೆ. ಇತೊ ಅಂದರೆ ದಾರ.

ಮೊದಲು ಕಲ್ಲುಗಳನ್ನು ಸಮ ಮಾಡಿ. ಕಲ್ಲು ಗುಳಿ ಬಿದ್ದಿದ್ದರೆ ಅಲಗೂ ಸೊಟ್ಟ. ಆಮೇಲೆ 1000ದ ಕಲ್ಲಿನ ಮೇಲೆ ಓರೆ ಬದಿಯನ್ನು ಇಟ್ಟು ಉಜ್ಜಿ. ಓರೆ ಅಗಲವಾಗಿರುವುದರಿಂದ ಅಲಗು ಕಲ್ಲಿನ ಮೇಲೆ ತಾನೇ ಸರಿಯಾಗಿ ಕೂರುತ್ತದೆ. ಆ ಕೋನ ಹೆಚ್ಚುಕಮ್ಮಿ 28 ಡಿಗ್ರಿ. ಅಲಗನ್ನು ಅಲ್ಲಾಡಿಸದಂತೆ ಹಿಡಿಯುವುದೇ ಇಲ್ಲಿನ ಕಲೆ. ಬಾಯಿಯ ಉದ್ದಕ್ಕೂ, ಚಪ್ಪಟೆ ಬದಿಯಲ್ಲಿ, ಬೆರಳಿಗೆ ಸಣ್ಣ ಜರಿ, ಅಂದರೆ ಆಚೆಗೆ ಮಗುಚಿದ ಉಕ್ಕಿನ ಎಳೆ, ತಾಕುವವರೆಗೆ ಉಜ್ಜಿ. ಒಂದು ಮೂಲೆಯಲ್ಲೂ ಬಿಡಬಾರದು. ಆಮೇಲೆ 6000ದ ಕಲ್ಲಿಗೆ ಬನ್ನಿ. ಓರೆ ಬದಿ ಸ್ವಲ್ಪ, ಚಪ್ಪಟೆ ಬದಿ ಸ್ವಲ್ಪ, ಮತ್ತೆ ಓರೆ ಬದಿ. ಜರಿ ತಾನೇ ಉದುರುತ್ತದೆ. ಚಪ್ಪಟೆ ಬದಿಯನ್ನು 1000ಕ್ಕೆ ಒತ್ತಬೇಡಿ, ತಗ್ಗು ಬೇಗ ಸವೆದುಹೋಗುತ್ತದೆ.

ಹಲವು ಸಾಣೆಗಳಾದ ಮೇಲೆ ಆ ದಾರದಂಥ ಪಟ್ಟಿ ಪೂರ್ತಿ ಮುಗಿದು, ತಗ್ಗು ಬಾಯಿಯನ್ನೇ ಮುಟ್ಟುತ್ತದೆ. ಆಗ ಮಾಡುವ ಕೆಲಸ ನೋಡಿದರೆ ಎದೆ ಝಲ್ಲೆನ್ನುತ್ತದೆ. ಓರೆ ಬದಿಯ ಮೆತ್ತನೆಯ ಕಬ್ಬಿಣದ ಮೇಲೆ ಸುತ್ತಿಗೆಯ ಮೂಲೆಯಿಂದ ಸಾಲಾಗಿ ಸಣ್ಣ ಏಟು ಕೊಡುತ್ತಾರೆ. ಕಬ್ಬಿಣ ಒಳಗೆ ಹೋಗಿ, ಅದರ ಹಿಂದಿನ ಉಕ್ಕು ಕೂದಲೆಳೆಯಷ್ಟು ಹೊರಗೆ ಉಬ್ಬುತ್ತದೆ. ಆ ಉಬ್ಬನ್ನು ಸಮ ಮಾಡಿದರೆ ಹೊಸ ಪಟ್ಟಿ ಸಿದ್ಧ. ಇದಕ್ಕೆ ‘ಉರಾದಾಶಿ’ ಅನ್ನುತ್ತಾರೆ. ಒಂದು ಏಟು ತಪ್ಪಿ ಗಟ್ಟಿ ಉಕ್ಕಿನ ಮೇಲೆ ಬಿತ್ತೋ, ಅಲಗು ಒಡೆಯಿತು. ಮೊದಲ ವರ್ಷ ಇದರ ತಂಟೆಗೆ ಹೋಗಬೇಡಿ.

ಹಂತ 4: ಮೇಲಿನ ತಗಡು

ಅಲಗಿನ ಮೇಲಿನ ಚಿಕ್ಕ ತಗಡು ಸಿಪ್ಪೆಯನ್ನು ಹುಟ್ಟುತ್ತಲೇ ಮುರಿಯುತ್ತದೆ. ಸಿಪ್ಪೆ ಉದ್ದಕ್ಕೆ ಎದ್ದು ನಾರು ಕಿತ್ತುಬರುವುದು ಅದರಿಂದ ತಪ್ಪುತ್ತದೆ. ಅಲಗಿನ ಮೇಲಿಟ್ಟು ಬೆರಳಿನಿಂದ ತಟ್ಟಿ. ಟಿಕ್ ಟಿಕ್ ಅಂತ ಅಲ್ಲಾಡಿದರೆ ತಗಡಿನ ಮೇಲಿನ ಎರಡು ಮಡಚಿದ ಕಿವಿಗಳಲ್ಲಿ ಒಂದನ್ನು ಸ್ವಲ್ಪ ಬಗ್ಗಿಸಬೇಕು. ಬೆಳಕಿಗೆ ಹಿಡಿದಾಗ ಅಲಗಿಗೂ ತಗಡಿಗೂ ನಡುವೆ ಬೆಳಕು ತೂರಬಾರದು. ಕೊನೆಯ ಹದಕ್ಕೆ ಅದು ಅಲಗಿನ ಬಾಯಿಯಿಂದ ಕಾಲು ಮಿ.ಮೀ.ನಷ್ಟು ಹಿಂದಿದ್ದರೆ ಸರಿ.

ಹಂತ 5: ತಳ

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಕನ್ನದ ತಳ ಸಮವಾಗಿರಬಾರದು. ಕೊನೆಯ ನಯಕ್ಕೆ ಬಳಸುವ ಕನ್ನದ ತಳ ಎರಡೇ ಕಡೆ ಹಲಗೆಯನ್ನು ಮುಟ್ಟುತ್ತದೆ. ಎಳೆಯುವಾಗ ನಿಮ್ಮ ಕಡೆಗಿರುವ ತುದಿ, ಮತ್ತೆ ಅಲಗಿನ ಬಾಯಿಯ ಮುಂದಿನ ಅಂಚು. ಉಳಿದ ಜಾಗವೆಲ್ಲ ಕಾಗದದಷ್ಟು ತಗ್ಗು. ಪೂರ್ತಿ ಸಮವಾಗಿದ್ದರೆ ಎಲ್ಲೋ ಒಂದು ಕಡೆ ಉಬ್ಬಿ, ಅಲಗು ಹಲಗೆಯಿಂದ ಎತ್ತಿಕೊಳ್ಳುತ್ತದೆ.

ಅಲಗನ್ನು ದೈಯಲ್ಲಿ ಬಿಗಿಯಾಗಿ ಕೂರಿಸಿ, ಬಾಯಿ ಮಾತ್ರ ಹೊರಗೆ ಬಾರದಂತೆ ಇಡಿ. ಬಿಗಿ ಕೂತಾಗ ದೈ ಸ್ವಲ್ಪ ಬಾಗುತ್ತದೆ, ಆ ಸ್ಥಿತಿಯಲ್ಲೇ ತಿದ್ದಬೇಕು. ಮೊದಲು ಗಾಜಿನ ಮೇಲೆ ಅಂಟಿಸಿದ ಮರಳುಕಾಗದದ ಮೇಲೆ ಉಜ್ಜಿ ಸಮ ಮಾಡಿ. ಆಮೇಲೆ ಮುಟ್ಟಬೇಕಾದ ಎರಡು ಪಟ್ಟಿ ಬಿಟ್ಟು ಉಳಿದದ್ದನ್ನು ಅಗಲ ಉಳಿಯಿಂದ ನಾರಿಗೆ ಅಡ್ಡಡ್ಡ ಕೆರೆಯಿರಿ. ಇದಕ್ಕೇ ಅಂತ ಅಲಗು ನೆಟ್ಟಗೆ ನಿಂತ ಪುಟ್ಟ ಕನ್ನ ಒಂದಿದೆ, ಆದರೆ ಉಳಿಯೂ ಸಾಕು. ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕಿಟಕಿಗೆ ಹಿಡಿದು ನೋಡಿ. ಮುಟ್ಟಬಾರದ ಕಡೆ ತೆಳ್ಳನೆಯ ಬೆಳಕಿನ ಗೆರೆ ಕಾಣಬೇಕು.

ಹಂತ 6: ಎಳೆಯುವುದು

ಮೊದಲ ದಿನ ತೇಗ ಬೇಡ. ತೇಗದಲ್ಲಿ ಸಿಲಿಕಾ ಇದೆ, ಹೊಸ ಬಾಯಿ ಬೇಗ ಮೊಂಡಾಗುತ್ತದೆ. ಜಪಾನಿನ ಬಡಗಿಯ ಕೈಗೆ ಸಿಗುವುದು ಹಿನೋಕಿ, ಸುಗಿಯಂಥ ಮೆತ್ತನೆಯ, ನೇರ ನಾರಿನ ಮರ. ಕನ್ನ ಹುಟ್ಟಿದ್ದೇ ಅದಕ್ಕೆ. ನಮ್ಮಲ್ಲಿ ಪೈನ್ ಹಲಗೆ ಸುಲಭವಾಗಿ ಸಿಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್‌ನಲ್ಲೂ ಕಲಿಯಬಹುದು, ಆದರೆ ನಾರು ನೇರ ಇರುವ ತುಂಡು ಆರಿಸಿ. ಹಳೆಯ ಬಾಗಿಲಿನ ಹಲಗೆಯ ಆಸೆ ಬೇಡವೇ ಬೇಡ. ಒಳಗೊಂದು ಮೊಳೆ ಮುರಿದು ಕೂತಿರುತ್ತದೆ. ನನ್ನ ಅಲಗಿನಲ್ಲಿ ಇನ್ನೂ ಅದರ ಗುರುತಿದೆ.

ದೈಯನ್ನು ತಲೆಕೆಳಗಾಗಿ ಹಿಡಿದು, ತುದಿಯಿಂದ ತಳದ ಉದ್ದಕ್ಕೂ ನೋಡಿ. ಅಲಗಿನ ತಲೆಗೆ ತಟ್ಟುತ್ತಾ ಹೋಗಿ. ಬಾಯಿ ಕೂದಲಿನಂಥ ಕಪ್ಪು ಗೆರೆಯಾಗಿ ಕಂಡರೆ ಸಾಕು. ಒಂದು ಬದಿ ಜಾಸ್ತಿ ಕಂಡರೆ ಅಲಗಿನ ತಲೆಯ ಪಕ್ಕಕ್ಕೆ ಒಂದು ಏಟು. ಜಾಸ್ತಿ ಹೊರಬಂದರೆ, ಬಿಚ್ಚುವಾಗ ತಟ್ಟಿದ ದೈಯ ಅದೇ ತುದಿಗೆ ಒಂದು ಏಟು. ಆಮೇಲೆ ಮೇಲಿನ ತಗಡನ್ನು ತಟ್ಟಿ ಕೂರಿಸಿ.

ಬಲಗೈ ದೈಯನ್ನು ಅಲಗಿನ ಮುಂದೆ ಹಿಡಿಯುತ್ತದೆ. ಎಡಗೈ ಅಲಗಿನ ಹಿಂದೆ ಒತ್ತುತ್ತದೆ. ಹಲಗೆ ಜಾರದಂತೆ ನಿಮ್ಮ ಕಡೆಯ ತುದಿಗೆ ಒಂದು ತಡೆ ಇರಲಿ. ಎಳೆಯುವುದು ತೋಳಿನಿಂದಲ್ಲ, ಸೊಂಟದಿಂದ. ಬಾವಿಯಿಂದ ನೀರು ಸೇದುವಾಗ ಹಿಂದಕ್ಕೆ ವಾಲುತ್ತೀರಲ್ಲ, ಹಾಗೆ. ಹಲಗೆಯ ಈ ತುದಿಯಿಂದ ಆ ತುದಿಗೆ ನಡುವೆ ನಿಲ್ಲಬಾರದು. ಉದ್ದದ ಹಲಗೆಯಾದರೆ ಹಿಂದಕ್ಕೆ ಹೆಜ್ಜೆ ಹಾಕಿ.

ಸರಿ ಬಂದರೆ ಸದ್ದೇ ಬೇರೆ. ರೇಷ್ಮೆ ಸೀರೆ ಎಳೆದಂಥ ‘ಸುಯ್’ ಸದ್ದು. ಸಿಪ್ಪೆ ಹಲಗೆಯಷ್ಟೇ ಉದ್ದ, ಆಚೆಗಿನ ಅಕ್ಷರ ಕಾಣುವಷ್ಟು ತೆಳು. ಜಪಾನಿನಲ್ಲಿ 1997ರಿಂದ ಸಿಪ್ಪೆ ತೆಗೆಯುವ ಕೂಟಗಳೇ ನಡೆಯುತ್ತಿವೆ. ಅಲ್ಲಿ 10 ಮೈಕ್ರಾನ್‌ಗಿಂತ ತೆಳುವಾದ ಸಿಪ್ಪೆ ತೆಗೆಯುತ್ತಾರೆ. ನಮಗೆ ಅದು ಬೇಕಿಲ್ಲ. ಹಲಗೆಯ ಮೇಲೆ ಕಿತ್ತ ಗುರುತು ಇಲ್ಲದಿದ್ದರೆ ಗೆದ್ದ ಹಾಗೆ. ಕಿತ್ತಿದ್ದರೆ ಹಲಗೆಯನ್ನು ತಿರುಗಿಸಿ ಇಡಿ, ನೀವು ನಾರಿಗೆ ಎದುರಾಗಿ ಎಳೆಯುತ್ತಿದ್ದೀರಿ.

ಮರಳುಕಾಗದ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಕಾಗದ ನಾರನ್ನು ಹರಿದು ನಯ ಮಾಡುತ್ತದೆ. ಕನ್ನ ಕತ್ತರಿಸಿ ನಯ ಮಾಡುತ್ತದೆ. ಬಣ್ಣ, ವಾರ್ನಿಷ್ ಇಲ್ಲದೆ ಹಿನೋಕಿಯನ್ನು ಹಾಗೇ ಬಿಡುವ ಕಟ್ಟಡಗಳಲ್ಲಿ ಈ ವ್ಯತ್ಯಾಸ ಕಣ್ಣಿಗೂ ಕೈಗೂ ಗೊತ್ತಾಗುತ್ತದೆ. ನಾರಾದ ಹೋರ್ಯೂಜಿ ದೇವಾಲಯ ಕಟ್ಟಿದ ಕಾಲಕ್ಕೆ ಈ ದೈ ಇರುವ ಕನ್ನ ಜಪಾನಿನಲ್ಲಿ ಇರಲೇ ಇಲ್ಲ. ಭರ್ಜಿಯ ಮೊನೆಯಂಥ ಅಲಗಿರುವ ‘ಯಾರಿಗನ್ನ’ದಿಂದ ಕಂಬಗಳನ್ನು ಕೆರೆದರು. ಕಾಲಾಂತರದಲ್ಲಿ ಆ ಉಪಕರಣ ಮರೆತೇಹೋಯಿತು. ಅದನ್ನು ಮತ್ತೆ ಕೈಗೆ ತಂದವರು ಹೋರ್ಯೂಜಿಯ ಬಡಗಿ ಮನೆತನದ ನಿಶಿಓಕಾ ತ್ಸುನೆಕಾಜು (1908–1995). ನಾರಾದ ಇನ್ನೊಂದು ದೇವಾಲಯ ಯಾಕುಶಿಜಿಯ ಪಶ್ಚಿಮ ಗೋಪುರ ಅವರ ಮೇಸ್ತ್ರಿಕೆಯಲ್ಲಿ 1981ರಲ್ಲಿ ಮತ್ತೆ ಎದ್ದಿತು. ಪಕ್ಕದ ಹಳೆಯ ಪೂರ್ವ ಗೋಪುರಕ್ಕಿಂತ ಅದನ್ನು ಒಂದು ಅಡಿಯಷ್ಟು ಎತ್ತರಕ್ಕೆ ಕಟ್ಟಿಸಿದರು. ಮರ ಕುಗ್ಗಿ, ಭಾರಕ್ಕೆ ಕೂತು, ನೂರಾರು ವರ್ಷಗಳಲ್ಲಿ ಎರಡೂ ಸಮವಾಗುತ್ತವೆ ಅನ್ನುವುದು ಅವರ ಲೆಕ್ಕ.

ಹಂತ 7: ಗೆರೆ, ಗರಗಸ, ಉಳಿ

ಕನ್ನ ಪಳಗಿದರೆ ಉಳಿದವು ಹಗುರ. ಬೇಗ ಹೇಳಿಬಿಡುತ್ತೇನೆ.

ಗೆರೆಗೆ ‘ಸುಮಿತ್ಸುಬೊ’, ಅಂದರೆ ಮಸಿ ಕುಡಿಕೆ. ಮಸಿಯಲ್ಲಿ ನೆಂದ ರೇಷ್ಮೆ ದಾರವನ್ನು ಎಳೆದು, ನೆಟ್ಟಗೆ ಮೇಲೆತ್ತಿ ಬಿಟ್ಟರೆ ಗೆರೆ ಬೀಳುತ್ತದೆ. ಓರೆಯಾಗಿ ಎತ್ತಿದರೆ ಗೆರೆಯೂ ಬಾಗುತ್ತದೆ. ಜೊತೆಗೆ ‘ಸಾಶಿಗಾನೆ’ ಎಂಬ ಮೂಲೆಮಟ್ಟ. ಅದರ ಬೆನ್ನಿನಲ್ಲಿ ಒಂದೊಂದು ಮನೆಯೂ 1.414 ಪಟ್ಟು ದೊಡ್ಡದಾಗಿರುವ ಇನ್ನೊಂದು ಅಳತೆ ಇದೆ. ದುಂಡು ದಿಮ್ಮಿಯ ತುದಿಗೆ ಅದನ್ನು ಅಡ್ಡಲಾಗಿ ಹಿಡಿದರೆ, ಅದರಿಂದ ಎಷ್ಟು ದಪ್ಪದ ಚೌಕ ಕಂಬ ಸಿಗುತ್ತದೆ ಅಂತ ನೇರ ಓದಬಹುದು. 21.2 ಸೆಂ.ಮೀ. ಅಡ್ಡಳತೆಯ ದಿಮ್ಮಿಗೆ ಅದು 15 ತೋರಿಸುತ್ತದೆ. ಲೆಕ್ಕದ ಗೊಡವೆಯೇ ಇಲ್ಲ.

ಗರಗಸವೂ ಎಳೆಯುವಾಗಲೇ ಕೊಯ್ಯುತ್ತದೆ. ಎಳೆದಾಗ ತಗಡು ಬಾಗುವುದಿಲ್ಲ, ಅದಕ್ಕೇ ಅಷ್ಟು ತೆಳು. ‘ರ್ಯೋಬಾ’ದ ಎರಡು ಅಂಚುಗಳಲ್ಲಿ ದೊಡ್ಡ ಹಲ್ಲಿನದು ನಾರಿನ ಉದ್ದಕ್ಕೆ, ಸಣ್ಣದು ಅಡ್ಡಕ್ಕೆ. ತಳ್ಳುವಾಗ ಒತ್ತಬೇಡಿ, ಹಲ್ಲು ಮುರಿಯುತ್ತದೆ.

ಹೊಸ ಉಳಿ ‘ನೋಮಿ’ಯ ಹಿಡಿಯ ತಲೆಗೆ ಕಬ್ಬಿಣದ ಬಳೆ ಇರುತ್ತದೆ. ಹಾಗೇ ಹೊಡೆಯಲು ಶುರು ಮಾಡಬೇಡಿ. ಬಳೆ ತೆಗೆದು ಒಳಗಿನ ಚೂಪು ಅಂಚನ್ನು ಅರದಿಂದ ಉಜ್ಜಿ. ಹಿಡಿಯ ತುದಿಯನ್ನು ಸುತ್ತಿಗೆಯಿಂದ ಸುತ್ತಲೂ ತಟ್ಟಿ ಒತ್ತಿ, ಬಳೆಯನ್ನು ಎರಡು ಮೂರು ಮಿ.ಮೀ. ಕೆಳಗೆ ಇಳಿಸಿ. ಮೇಲೆ ಉಳಿದ ಮರವನ್ನು ಸ್ವಲ್ಪ ನೆನೆಸಿ, ಬಳೆಯ ಮೇಲೆ ಮಗುಚುವಂತೆ ತಟ್ಟಿ. ಏಟು ಮರದ ಮೇಲೆ ಬೀಳಬೇಕು, ಬಳೆಯ ಮೇಲಲ್ಲ.

ಹಂತ 8: ಒಂದು ಜೋಡಣೆ

ಒಂದು ತುಂಡಿನಲ್ಲಿ ಚೌಕ ತೂತು, ಇನ್ನೊಂದರಲ್ಲಿ ಅದಕ್ಕೆ ಹೊಂದುವ ನಾಲಿಗೆ ಮಾಡಿ. ತೂತನ್ನು ಗೆರೆಗೆ ಸರಿಯಾಗಿ ಕೊರೆಯಿರಿ. ನಾಲಿಗೆಯನ್ನು ಗೆರೆ ಉಳಿಯುವಂತೆ ಕೊಯ್ಯಿರಿ, ಅಂದರೆ ಅದು ಕೂದಲೆಳೆ ದಪ್ಪವೇ ಇರಲಿ.

ಈಗ ಗೆನ್ನೋವಿನ ಉಬ್ಬು ಮುಖ ಬೇಕು. ನಾಲಿಗೆಯ ಎರಡೂ ಕೆನ್ನೆಗಳನ್ನು ಆ ಮುಖದಿಂದ ಹಗುರವಾಗಿ, ಸಾಲು ಬಿಡದೆ ತಟ್ಟಿ. ನಾರು ಮುರಿಯಬಾರದು, ಒತ್ತಿಕೊಂಡು ಕೂರಬೇಕು. ಚಪ್ಪಟೆ ಮುಖದ ಅಂಚು ಮರದಲ್ಲಿ ಗೀರು ಬಿಡುತ್ತದೆ, ಉಬ್ಬು ಬಿಡುವುದಿಲ್ಲ. ಇದರ ಹೆಸರು ‘ಕಿಗೊರೊಶಿ’. ಕನ್ನಡದಲ್ಲಿ ಹೇಳಿದರೆ ಮರ ಕೊಲ್ಲುವುದು. ಒತ್ತಿದ ನಾಲಿಗೆ ತೂತಿನೊಳಗೆ ಸಲೀಸಾಗಿ ಇಳಿಯುತ್ತದೆ. ಆಮೇಲೆ ಗಾಳಿಯ ತೇವ ಕುಡಿದು ಮತ್ತೆ ಉಬ್ಬುತ್ತದೆ. ಬೆಳಿಗ್ಗೆ ಜೋಡಿಸಿದ್ದನ್ನು ನಾನು ಮರುದಿನ ಬಿಡಿಸಲು ನೋಡಿದೆ. ಅಂಟು ಒಂದು ಹನಿ ಹಾಕಿರಲಿಲ್ಲ, ಆದರೂ ಬರಲಿಲ್ಲ.

ಕೆಲಸ ಮುಗಿದ ಮೇಲೆ

ಅಲಗನ್ನು ತಟ್ಟಿ ಒಳಗೆ ಸರಿಸಿ, ಆದರೆ ಪೂರ್ತಿ ಬಿಚ್ಚಬೇಡಿ. ಜಪಾನಿನಲ್ಲಿ ಅಲಗಿಗೆ ಕಮೀಲಿಯಾ ಬೀಜದ ಎಣ್ಣೆ ಸವರುತ್ತಾರೆ. ಹೊಲಿಗೆ ಯಂತ್ರದ ಎಣ್ಣೆಯೂ ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗುತ್ತದೆ. ಕನ್ನವನ್ನು ತಳದ ಮೇಲೆ ನಿಲ್ಲಿಸದೆ ಮಗ್ಗುಲಾಗಿ ಇಡಿ. ಮುಂಗಾರು ಹಿಡಿದು ಒಂದು ವಾರ ಆದ ಮೇಲೆ ಉಕ್ಕಿನ ಪಟ್ಟಿ ಇಟ್ಟು ತಳ ನೋಡಿ. ಹದ ತಪ್ಪಿರುತ್ತದೆ. ಐದನೇ ಹಂತವನ್ನು ಮತ್ತೆ ಮಾಡಬೇಕು. ಈ ಸಲ ಅರ್ಧ ಗಂಟೆ ಸಾಕು.